ಕನ್ನಡಕದವರ ಬಾಡಿಗೆ ಕರಾರು

ಕನ್ನಡಕದಂಗಡಿಯ ಯಜಮಾನರಿಗೆ ಒಂದು ಹೆಮ್ಮೆಯಿತ್ತು. ಲೋಕದವರೆಲ್ಲ ಬಾಡಿಗೆ ಕರಾರಿಗೆ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ, ತಾವೊಬ್ಬರೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದುತ್ತಾರೆ ಎಂದು. ಅಂಗಡಿಗೆ ಬಂದವರ ಮೂಗಿಗೆ ಗಾಜು ಏರಿಸುತ್ತ, "ಮೊದಲು ಕರಾರು ಓದ್ರೀ, ಆಮೇಲೆ ಪಾತ್ರೆ ಸಾಗಿಸಿ" ಎಂದು ಉಪದೇಶಿಸುವುದು ಅವರ ಉಚಿತ ಸೇವೆ. (ಕನ್ನಡಕಕ್ಕೆ ಮಾತ್ರ ರಿಯಾಯಿತಿ ಇಲ್ಲ.)

ಅವರ ಹೆಂಡತಿಗೆ ಬೇಕಾಗಿದ್ದುದು ಒಂದು ಕಿಟಕಿ. ಹಾಡುಹಗಲೇ ದೀಪ ಹಾಕಿಕೊಂಡು, ಗೋಡೆಗೆ ಮುಖಮಾಡಿ ಅಡುಗೆ ಮಾಡಿ ಮಾಡಿ ಆಕೆಗೆ ಸಾಕುಸಾಕಾಗಿತ್ತು. ನಿವೃತ್ತ ನರ್ಸಮ್ಮನ ಮನೆಯ ಮಹಡಿ ಖಾಲಿ ಇತ್ತು. ಅಲ್ಲಿನ ಅಡುಗೆಮನೆಗೆ ಎರಡು ಕಿಟಕಿ! ಆಕೆ ನೋಡಿದ ದಿನವೇ ಮನಸ್ಸಿನಲ್ಲಿ ಪರದೆ ತೂಗುಹಾಕಿಬಿಟ್ಟಿದ್ದಳು. "ರೀ, ದಮ್ಮಯ್ಯ, ಅಲ್ಲಿ ಬಾಯಿ ಬಿಡಬೇಡಿ" ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಬಾಯಿ ಮುಚ್ಚಿಕೊಂಡಿರುವುದು ಅವರ ಹಣೆಯಲ್ಲಿ ಬರೆದಿರಲಿಲ್ಲ. ನರ್ಸಮ್ಮ ಕರಾರು ಮುಂದಿಟ್ಟಿದ್ದೇ ತಡ, ಶುರು ಹಚ್ಚಿಕೊಂಡರು.

"ನಲ್ಲಿ ಸೋರಿದ್ರೆ ರಿಪೇರಿ ಯಾರದ್ದು?"

"ನಂದೇ, ಬರ್ಕೊಳ್ಳಿ."

"ಮುಂಗಡ ಯಾವಾಗ ವಾಪಸ್?"

"ಖಾಲಿ ಮಾಡಿದ ದಿನಾನೇ."

"ಹೇಳದೆ ಕೇಳದೆ ನೀವು ಮೇಲೆ ಬರೋ ಹಾಗಿಲ್ಲ."

"ಮಂಡಿನೋವು ಸ್ವಾಮಿ, ಕರೆದ್ರೂ ಬರಲ್ಲ."

ಇಷ್ಟಕ್ಕೆ ನಿಲ್ಲಿಸಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು. ಯಜಮಾನರು ಭೂತಗನ್ನಡಿ ಹಿಡಿದು ಮಹಡಿ ಹತ್ತಿ, ಗೋಡೆಗಳ ತಪಾಸಣೆಗಿಳಿದರು. ಕಂಡದ್ದನ್ನೆಲ್ಲ ಮೆಟ್ಟಿಲ ಮೇಲಿಂದ ಕೂಗಿ ಹೇಳತೊಡಗಿದರು. "ಇಲ್ಲೊಂದು ಬಿರುಕು! ಅದರ ಪಕ್ಕ ಒಂದು ಮರಿ ಬಿರುಕು! ಎಲ್ಲಾ ಈಗ್ಲೇ ಬರೆದುಬಿಡಿ, ನಾಳೆ ನಮ್ಮ ತಲೆಗೆ ಕಟ್ಟಬಾರ್ದು ನೋಡಿ!" ಮೂರನೆಯ ಕೋಣೆ ಮುಗಿಯುವಷ್ಟರಲ್ಲಿ ನರ್ಸಮ್ಮನ ರಕ್ತದೊತ್ತಡ ಛಾವಣಿ ಮುಟ್ಟಿತ್ತು.

"ಅದು ಮನೆ ಕಣಯ್ಯಾ, ಪೇಷೆಂಟ್ ಅಲ್ಲ! ನಿನಗಂತೂ ಕೊಡಲ್ಲ, ನಡಿ!"

ಮನೆಗೆ ಬಂದು ಹೆಂಡತಿ ಆ ಕತ್ತಲೆ ಅಡುಗೆಮನೆಯಲ್ಲಿ ಕೂತು ನಿಜವಾಗಿಯೂ ಅತ್ತಳು. ಯಜಮಾನರು ತಾವೇ ಎದ್ದು ದೀಪ ಹಾಕಿದರು. ಆದರೂ "ಹಕ್ಕು ಅಂದ್ರೆ ಹಕ್ಕು" ಎಂದರು, ಮೆಲ್ಲಗೆ.

ಮರುದಿನ ಆಕೆ ಒಬ್ಬಳೇ ಹೋಗಿ, ಸಂಜೆಗೆ ಬೀಗದ ಕೈಯನ್ನೂ ಸಹಿಯಾದ ಕರಾರನ್ನೂ ತಂದಳು. ಯಜಮಾನರ ಷರತ್ತುಗಳೆಲ್ಲ ಅದರಲ್ಲಿ ಚಾಚೂ ತಪ್ಪದೆ ಇದ್ದವು, ಮರಿ ಬಿರುಕಿನ ಸಮೇತ. ಮೀಸೆ ತಿರುವುತ್ತ ಓದುತ್ತಿದ್ದ ಅವರು ತಟ್ಟನೆ ನಿಲ್ಲಿಸಿದರು.

"ಬಾಡಿಗೆದಾರರು ಅಂತ ಬರೀ ನಿನ್ನ ಹೆಸರಿದೆ! ಮನೇಲಿರೋರ ಹೆಸರೆಲ್ಲ ಇರ್ಬೇಕು ಕಣೇ. ನಾನು ಯಾರು ಹಾಗಾದ್ರೆ?"

"ನಿಮ್ಮ ಹೆಸರು ಬಂದ್ರೆ ಸಹಿ ಹಾಕಲ್ಲ ಅಂದ್ರು. ಅದಕ್ಕೆ, ನೀವು ಅತಿಥಿ."

"ಅತಿಥಿಗಳು ಹದಿನೈದು ದಿನದ ಮೇಲೆ ಇರಬೇಕಾದ್ರೆ ಮಾಲೀಕರ ಒಪ್ಪಿಗೆ ಬೇಕು ಅಂತ ಇದೆಯಲ್ಲೇ ಇಲ್ಲಿ! ಆ ಮುದುಕಿಗೆ ಎಷ್ಟು ಕೊಬ್ಬು!"

"ಅವರನ್ಯಾಕೆ ಬೈತೀರಿ? ಅದನ್ನ ಬರೆಸಿದ್ದು ನಾನು. ನಿಮ್ಮಕ್ಕ ಬಂದ್ರೆ ಆರು ತಿಂಗಳು ಕದಲಲ್ಲವಲ್ಲ!"

ಈಗ ಹೊಸ ಅಡುಗೆಮನೆಯಲ್ಲಿ ಬೆಳಕೋ ಬೆಳಕು. ಹದಿನೈದು ದಿನಕ್ಕೊಮ್ಮೆ ಯಜಮಾನರು ಕೆಳಗಿಳಿದು, ಕೈಕಟ್ಟಿ ನಿಂತು, ಅವಧಿ ವಿಸ್ತರಣೆ ಕೋರುತ್ತಾರೆ. ನರ್ಸಮ್ಮ ಮೆಟ್ಟಿಲ ಬುಡದಿಂದ ಮೇಲಕ್ಕೆ ಕೂಗುತ್ತಾರೆ: "ಏನಮ್ಮಾ, ನಿನ್ನ ಅತಿಥಿ ಬಂದು ನಿಂತಿದ್ದಾರೆ. ಇನ್ನೂ ಇರ್ಬಹುದಾ?"

ಮೇಲಿಂದ ಉತ್ತರ ಬರಲು ಪ್ರತಿ ಸಲವೂ ಸ್ವಲ್ಪ ಹೊತ್ತು ಹಿಡಿಯುತ್ತದೆ.