ಬೆನ್ನ ಹಿಂದಿನ ಮಳೆ

ಬೇರೆಯವರ ಮನೆಗೆ ಹೊಸ ಸಾಮಾನು ಬಂದರೆ ಅದು ಮೂಲೆಯಲ್ಲಿ ತೆಪ್ಪಗೆ ಕೂತು ತನ್ನ ಕೆಲಸ ಮಾಡುತ್ತದೆ. ನಮ್ಮ ಮನೆಗೆ ಬಂದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಹೋಂ ಥಿಯೇಟರ್ ಬಂದ ವರ್ಷ ಆದದ್ದನ್ನಂತೂ ನನ್ನ ಅಂಗಡಿಯ ಗಿರಾಕಿಗಳು ಈಗಲೂ ಕೇಳಿ ಕೇಳಿ ಹೇಳಿಸುತ್ತಾರೆ.

ಮೂಡುಬಿದಿರೆ ಪೇಟೆಯಲ್ಲಿ ನನ್ನದು ಟೈಲರ್ ಅಂಗಡಿ, ಮನೆ ವೇಣೂರಿನ ದಾರಿಯಲ್ಲಿ. ಊರಿಗೆ ಡಿವಿಡಿ ಆಗಷ್ಟೇ ಬಂದ ಕಾಲ. ಒಮ್ಮೆ ಮಂಗಳೂರಿನ ಟಾಕೀಸಿನಲ್ಲಿ ಸಿನಿಮಾ ನೋಡುತ್ತಿದ್ದಾಗ ಮಳೆ ಬಂತು. ಪರದೆಯ ಮೇಲಲ್ಲ, ನನ್ನ ಬೆನ್ನ ಹಿಂದೆ. ಮೊದಲು ಎಲೆಯ ಮೇಲೆ ಒಂದೊಂದೇ ಹನಿ, ಆಮೇಲೆ ದೂರದ ಗದ್ದೆ ದಾಟಿಕೊಂಡು ಬಂದ ಹಾಗೆ ಇಡೀ ಮಳೆ. ನಾನು ತಿರುಗಿ ನೋಡಿದೆ. ಹಿಂದಿನ ಸೀಟಿನವರು ‘ಎಂತ?’ ಎಂದರು. ಆವತ್ತಿನಿಂದ ಮಿಷಿನ್ ತುಳಿಯುವಾಗಲೂ ಕಿವಿಯಲ್ಲಿ ಅದೇ ಮಳೆ. ಒಂದೇ ಒಂದು ಸಲ ನನ್ನ ಮನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಅದನ್ನು ಕೇಳಬೇಕು ಎನ್ನುವ ಆಸೆ ಹತ್ತಿಕೊಂಡಿತು. ಆಸೆ ದೊಡ್ಡದು, ಕಿಸೆ ಸಣ್ಣದು.

ಒಂದು ತೋಳಿನ ಅಂಗಿ

ಮೆಲ್ಕಾರಿನಲ್ಲಿ ನನ್ನ ಶಾಲಾ ಗೆಳೆಯನ ಇಲೆಕ್ಟ್ರಾನಿಕ್ಸ್ ಅಂಗಡಿ ಇತ್ತು. ಕೆಲವು ವರ್ಷ ದುಬೈಯಲ್ಲಿ ಇದ್ದು ಬಂದ ಬ್ಯಾರಿ ಮುಸಲ್ಮಾನ. ಕಂಪೆನಿ ಸೆಟ್ಟಿನ ರೇಟು ಕೇಳಿ ನಾನು ಚಪ್ಪಲಿ ಹುಡುಕಲು ಶುರುಮಾಡಿದ್ದನ್ನು ನೋಡಿ ಅವನು ಕೈ ಹಿಡಿದು ಕೂರಿಸಿದ.

‘ಹೆದರಬೇಡ ಮಾರಾಯ. ಆಂಪ್ಲಿಫೈಯರ್ ನಾನು ಅಸೆಂಬಲ್ ಮಾಡಿ ಕೊಡ್ತೇನೆ. ಸಣ್ಣ ಸ್ಪೀಕರ್ ಬಾಕ್ಸ್ ಬೆಳ್ತಂಗಡಿಯಲ್ಲಿ ಮದುವೆಗೆ ಮೈಕ ಕಟ್ಟುವವರ ಹತ್ರ ಹಳತು ಉಂಟು, ತರಿಸುವ. ದೊಡ್ಡದಕ್ಕೆ ಪೆಟ್ಟಿಗೆ ನಿಮ್ಮ ಊರಿನ ಆಚಾರಿಯ ಹತ್ರ ಮಾಡಿಸು.’

‘ಒಟ್ಟು ಎಷ್ಟು ಬಾಕ್ಸ್ ಬೇಕು?’

‘ಎದುರು ಮೂರು, ಹಿಂದೆ ಎರಡು, ಗುಡುಗಿಗೆ ಒಂದು ದೊಡ್ಡದು.’

‘ನನಗೆ ಬೇಕಾದದ್ದು ಹಿಂದಿನ ಮಳೆ ಮಾತ್ರ. ಆ ಎರಡನ್ನೇ ಕೊಟ್ಟರೆ ಆಗದಾ?’

‘ನಾನು ನಿನ್ನ ಅಂಗಡಿಗೆ ಬಂದು, ನನಗೆ ಬಲಗೈಯಲ್ಲೇ ಕೆಲಸ, ಅಂಗಿಗೆ ಬಲತೋಳು ಮಾತ್ರ ಇಡು ಅಂದ್ರೆ ಹೊಲೀತೀಯಾ?’

‘ಹೊಲೀತೇನೆ. ಆದರೆ ಕೂಲಿ ಎರಡು ತೋಳಿನದ್ದೇ.’

‘ಹಾಗಾದ್ರೆ ನನ್ನದೂ ಅದೇ ಲೆಕ್ಕ’ ಎಂದವನೇ ಆರು ಬಾಕ್ಸಿಗೂ ವೈರು ಅಳೆದು ಕತ್ತರಿಸಿಬಿಟ್ಟ.

ಗಾಳಿಯ ತೂತು

ದೊಡ್ಡ ಪೆಟ್ಟಿಗೆಗೆ ಗೆಳೆಯ ಹೇಳಿಕೊಟ್ಟದ್ದು ಇಷ್ಟೇ: ಸ್ಪೀಕರ್ ಕೂರಿಸಲು ಎದುರಲ್ಲಿ ಒಂದು ತೂತು, ಗಾಳಿ ಹೊರಗೆ ಬರಲು ಬದಿಯಲ್ಲಿ ಇನ್ನೊಂದು ತೂತು. ನಮ್ಮ ಆಚಾರಿ ಊರಿನ ಅರ್ಧ ಮನೆಗಳಿಗೆ ಬಾಗಿಲು ಮಾಡಿದವರು. ಪ್ಲೈವುಡ್ ಎಂದರೆ ಅವರಿಗೆ ಬೈದ ಹಾಗೆ. ಒಳ್ಳೆಯ ಹಲಸಿನ ಹಲಗೆಯಲ್ಲಿ, ಅಂಚಿಗೆ ಬಳ್ಳಿ ಕೆತ್ತಿ, ಎಣ್ಣೆ ಉಜ್ಜಿ, ಇಬ್ಬರು ಹಿಡಿದರೂ ಏಳದಂಥ ಪೆಟ್ಟಿಗೆ ತಂದಿಟ್ಟರು. ಬದಿಯ ತೂತು ಮಾತ್ರ ಇಲ್ಲ.

‘ಆಚಾರ್ರೇ, ಗಾಳಿಯ ತೂತು?’

‘ನನ್ನ ಮರ್ಯಾದೆ ತೆಗೀಬೇಡಿ. ತೂತು ಬಿಟ್ಟರೆ ಇಲಿ ಹೋಗ್ತದೆ. ಇಲಿಯ ಹಿಂದೆ ಹಾವು ಹೋಗ್ತದೆ. ಆಮೇಲೆ ಜನ ಕೇಳುವುದು, ಈ ಪೆಟ್ಟಿಗೆ ಮಾಡಿದ್ದು ಯಾರು ಅಂತ.’

‘ಗಾಳಿ ಹೊರಗೆ ಬಾರದಿದ್ದರೆ ಗುಡುಗು ಬರುವುದಿಲ್ಲವಂತೆ.’

‘ಹಾವು ಬಂದ ಮೇಲೆ ಗುಡುಗು ಯಾಕೆ?’

ಅಷ್ಟು ಹೊತ್ತಿಗೆ ಅಮ್ಮ ಒಳಗಿನಿಂದ ಬಂದು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ‘ಒಳ್ಳೆ ಪೆಟ್ಟಿಗೆ. ಆ ಎದುರಿನ ತೂತನ್ನೂ ಮುಚ್ಚಿಸಿದರೆ ಅಕ್ಕಿ ಹಾಕ್ಲಿಕ್ಕೆ ಆಗ್ತದೆ’ ಎಂದರು.

ನ್ಯಾಯದ ಹಂಚಿಕೆ

ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಹೆಂಡತಿಯೂ ನೆರೆಮನೆಯ ಹೆಂಗಸರೂ ಕೂತು ಬೀಡಿ ಕಟ್ಟುವುದು ರೂಢಿ. ನಾನು ವೈರು ಎಳೆಯುವುದನ್ನು ಅವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು.

‘ನಿಮಗೊಬ್ಬರಿಗೆ ಆರು, ಇಷ್ಟು ಜನಕ್ಕೆ ಒಂದೂ ಇಲ್ವಾ?’ ಎಂದು ಹೆಂಡತಿ ಹಿಂದಿನ ಎರಡು ಬಾಕ್ಸನ್ನು ಜಗಲಿಗೆ ಒಯ್ದಳು. ಹಾಗಾದರೆ ಅಡುಗೆಮನೆಗೂ ಒಂದು ಇರಲಿ ಎಂದು ಅಮ್ಮ ಎದುರಿನ ಮೂರರಲ್ಲಿ ನಡುವಿನದ್ದನ್ನು ಎತ್ತಿಕೊಂಡರು. ನ್ಯಾಯ ಎಂದರೆ ನ್ಯಾಯ, ಇಬ್ಬರಿಗೂ ನಾನೇ ವೈರು ಎಳೆದುಕೊಟ್ಟೆ.

ನಡುವಿನ ಬಾಕ್ಸಿನಲ್ಲಿ ಬರುವುದು ಮಾತು. ಹಿಂದಿನವುಗಳಲ್ಲಿ ಮಳೆ, ಗಾಳಿ, ಹಕ್ಕಿ. ಟೀವಿಯ ಮುಂದೆ ಕೂತ ನನಗೆ ಉಳಿದದ್ದು ಪಿಟೀಲು. ನಾಯಕಿ ಬಾಯಿ ತೆರೆದಾಗಲೆಲ್ಲ ನಾನು ಅಡುಗೆಮನೆಯ ಕಡೆಗೆ ಕೂಗಬೇಕು.

‘ಅಮ್ಮಾ, ಎಂತ ಹೇಳಿದಳು?’

‘ಮದುವೆ ಬೇಡವಂತೆ.’

‘ಯಾಕಂತೆ?’

‘ಒಗ್ಗರಣೆ ಹಾಕ್ತಾ ಇದ್ದೆ ಮಗಾ, ಕೇಳ್ಲಿಲ್ಲ.’

ಅವಳಿಗೆ ಮದುವೆ ಯಾಕೆ ಬೇಡವಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಜಗಲಿಯಲ್ಲಿ ಮಾತ್ರ ಮಳೆ ಚೆನ್ನಾಗಿ ಸುರಿಯುತ್ತಿತ್ತು. ಕೇಳುತ್ತಾ ಕೇಳುತ್ತಾ ಹೆಂಗಸರ ಕೈ ನಿಧಾನವಾಗುತ್ತಿತ್ತು. ಕತ್ತರಿಸಿದ ಎಲೆ ಬೆರಳಲ್ಲೇ ಉಳಿದು, ಎಲ್ಲರೂ ಎಲ್ಲಿಗೋ ಹೋದವರಂತೆ ಕೂತಿರುತ್ತಿದ್ದರು. ‘ತಾಯಿಮನೆಯ ಚಾವಡಿಯಲ್ಲಿ ಮಲಗಿದ ಹಾಗೆ ಆಗ್ತದೆ’ ಎಂದು ಒಬ್ಬರು ಹೇಳಿದ್ದು ಕೇಳಿ ನನಗೆ ಹೊಟ್ಟೆಯುರಿಯಿತು. ಅದು ನನ್ನ ಮಳೆ. ವಾರ ಕಳೆಯುವುದರೊಳಗೆ, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು, ಇಷ್ಟು ಕಡಿಮೆ ಯಾಕೆ, ಯಾರಿಗಾದರೂ ಜ್ವರವಾ ಎಂದು ವಿಚಾರಿಸಿದರಂತೆ. ಹೆಂಡತಿ ಎರಡೂ ಬಾಕ್ಸ್ ತಂದು ನನ್ನ ಕುರ್ಚಿಯ ಹಿಂದೆ ಕುಕ್ಕಿದಳು.

‘ಇಟ್ಟುಕೊಳ್ಳಿ. ಈ ಮಳೆ ಕೆಲಸ ಇಲ್ಲದವರಿಗೆ.’

ಬಿಸಿಲಿನಲ್ಲಿ ಮಳೆ

ಆಗ ಹಲಸಿನ ಕಾಲ. ಆದಿತ್ಯವಾರ ಮಧ್ಯಾಹ್ನ ಅಮ್ಮ ಅಂಗಳದ ತುಂಬ ಚಾಪೆ ಹಾಸಿ ಹಪ್ಪಳ ಒಣಗಿಸಿದ್ದರು. ಅದೇ ಸಮಯಕ್ಕೆ ನಾನು ಕಾಡಿನ ಸಿನಿಮಾ ಒಂದನ್ನು ಹಾಕಿ, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿದೆ. ಬೆನ್ನ ಹಿಂದೆ ಒಂದು ಹನಿ. ಇನ್ನೊಂದು ಹನಿ. ಮೈ ಜುಮ್ಮೆಂದಿತು.

‘ಅಯ್ಯೋ, ಮಳೆ! ಹಪ್ಪಳ, ಹಪ್ಪಳ!’

ಅಮ್ಮ ಅಡುಗೆಮನೆಯಿಂದ ಓಡಿದರು, ಹಿಂದೆ ಹೆಂಡತಿ. ಕಣ್ಣು ಮಿಟುಕಿಸುವುದರೊಳಗೆ ಚಾಪೆಗಳೆಲ್ಲ ಒಳಗೆ. ಆಮೇಲೆ ಅಮ್ಮ ಅಂಗಳದಲ್ಲಿ ಒಬ್ಬರೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು. ಉರಿಬಿಸಿಲು. ನಿಧಾನಕ್ಕೆ ಒಳಗೆ ಬಂದು ನನ್ನ ಎದುರು ನಿಂತರು.

‘ನಿನ್ನ ಮಳೆ ನಿಲ್ಲಿಸು. ನನ್ನ ಹಪ್ಪಳ ಒಣಗಿದ ಮೇಲೆ ಎಷ್ಟು ಬೇಕಾದರೂ ಬರಿಸು.’

ನಿಲ್ಲಿಸಿದೆ. ಸಂಜೆ ಅಮ್ಮನಿಗೇ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ‘ಬರುವ ವಾರ ಹಾಕಿಕೋ. ಇನ್ನು ಗುಡುಗಿದರೂ ನಾನು ಏಳುವುದಿಲ್ಲ’ ಎಂದರು.

ಬೆಲ್ಲ ಮತ್ತು ನೀರು

ಮುಂದಿನ ಆದಿತ್ಯವಾರ ಅಂಗಳದಲ್ಲಿ ಮತ್ತೆ ಹಪ್ಪಳ, ಕುರ್ಚಿಯಲ್ಲಿ ಮತ್ತೆ ನಾನು. ಸಿನಿಮಾದಲ್ಲಿ ನಾಯಕ ಕಾಡಿನಲ್ಲಿ ನಡೆಯುತ್ತಲೇ ಇದ್ದ. ಜೀರುಂಡೆಯ ಸದ್ದಿಗೆ ನನಗೆ ಜೊಂಪು ಹತ್ತಿತು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಅಷ್ಟರಲ್ಲಿ ಬಂತು.

ಮೊದಲು ದೂರದಲ್ಲಿ, ಗದ್ದೆಯ ಆಚೆ. ಮತ್ತೆ ಬಾಳೆ ಎಲೆಯ ಮೇಲೆ. ಮತ್ತೆ ಹಂಚಿನ ಮೇಲೆ, ಬೆನ್ನ ಹಿಂದೆ, ತಲೆಯ ಮೇಲೆ, ಸುತ್ತಲೂ. ಆಚಾರಿಯ ತೂತಿಲ್ಲದ ಪೆಟ್ಟಿಗೆ ಕೂಡ ಎದೆ ನಡುಗುವ ಹಾಗೆ ಗುಡುಗಿತು. ತಂಪು ಗಾಳಿ ಬೀಸಿತು, ಒದ್ದೆ ಮಣ್ಣಿನ ಪರಿಮಳ ಬಂತು. ಪರಿಮಳ ಕೂಡ ಬರುತ್ತದೆಂದು ಗೆಳೆಯ ಹೇಳಿರಲೇ ಇಲ್ಲ. ಕುತ್ತಿಗೆಯ ಮೇಲೆ ತಣ್ಣಗೆ ಒಂದು ಹನಿ ಬಿದ್ದಾಗ ಸುಖದಿಂದ ನನಗೆ ಅಳು ಬಂತು. ಆ ಕ್ಷಣ ನನಗೆ ಯಾರ ಮೇಲೂ ಕೋಪ ಇರಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಏಳಲು ಹೊರಟದ್ದು ಕೇಳಿಸಿತು. ‘ಕೂತ್ಕೋ, ಅದು ಅವನ ಮಳೆ’ ಎಂದರು ಅಮ್ಮ.

ನಾನು ಕಣ್ಣು ಮುಚ್ಚಿಕೊಂಡೇ ಕೂಗಿದೆ: ‘ಅಮ್ಮಾ, ಕೇಳ್ತದಾ?’

‘ಕೇಳ್ತದೆ ಮಗಾ. ಈ ಸಲ ಚಂದ ಉಂಟು.’

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ‘ಕತ್ತಲೆಯಲ್ಲಿ ಎಂತ ಮಾಡ್ತಾ ಇದ್ದೀ ಮಾರಾಯ?’ ಎಂಬ ಧ್ವನಿಗೆ ಕಣ್ಣು ಬಿಟ್ಟೆ. ಸೆಟ್ಟು ಹೇಗಿದೆ ಎಂದು ನೋಡಿ ಹೋಗಲು ಬಂದ ಮೆಲ್ಕಾರಿನ ಗೆಳೆಯ ಬಾಗಿಲಲ್ಲಿ ನಿಂತಿದ್ದ.

‘ಮಳೆ ಕೇಳ್ತಾ ಇದ್ದೇನೆ’ ಎಂದೆ. ‘ನಿನ್ನ ಕೈಗುಣ ದೊಡ್ಡದು.’

‘ನನ್ನ ಕೈಗುಣ ಎಂತದ್ದು? ಬಂಟ್ವಾಳದಿಂದ ಇಲ್ಲಿವರೆಗೆ ಎಲ್ಲಿಯೂ ಕರೆಂಟಿಲ್ಲ.’

ಟೀವಿ ಕಪ್ಪಗಿತ್ತು. ಫ್ಯಾನು ನಿಂತಿತ್ತು. ಆಂಪ್ಲಿಫೈಯರಿನ ಕೆಂಪು ದೀಪವೂ ಇಲ್ಲ. ನನ್ನ ಕುತ್ತಿಗೆಯ ಮೇಲೆ ಒಡೆದ ಹಂಚಿನಿಂದ ಇನ್ನೊಂದು ಹನಿ ಬಿತ್ತು.

ಅಷ್ಟರಲ್ಲಿ ಗೆಳೆಯನ ಸ್ವರ ಕೇಳಿದ ಅಮ್ಮ ಬೆಲ್ಲದ ತಟ್ಟೆ, ನೀರಿನ ಚೊಂಬು ಹಿಡಿದು ಒಳಗಿನಿಂದಲೇ ಹೇಳುತ್ತಾ ಬಂದರು: ‘ಬಂದ್ಯಾ ಮಗಾ? ಈ ಉರಿಬಿಸಿಲಿಗೆ ಯಾಕೆ ಹೊರಟದ್ದು? ಮೊದಲು ಬೆಲ್ಲ ತಿಂದು ನೀರು ಕುಡಿ.’

ಬಾಗಿಲಿಗೆ ಬಂದವರು ಹಾಗೇ ನಿಂತುಬಿಟ್ಟರು. ಗೆಳೆಯನ ತಲೆಯಿಂದ ಕಾಲಿನವರೆಗೆ ನೀರು ಇಳಿಯುತ್ತಿತ್ತು. ಅವನ ಹಿಂದೆ ಅಂಗಳದಲ್ಲಿ ಅಮ್ಮನ ಹಪ್ಪಳವೆಲ್ಲ ಮತ್ತೆ ಹಿಟ್ಟಾಗಿ ಚಾಪೆಗೆ ಅಂಟಿಕೊಂಡಿತ್ತು. ಅಮ್ಮ ಒಮ್ಮೆ ಅಂಗಳ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

ಗೆಳೆಯ ಮೆಲ್ಲಗೆ ತಟ್ಟೆಯಿಂದ ಒಂದು ತುಂಡು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡ.

‘ಬೆಲ್ಲ ಸಾಕಮ್ಮ. ನೀರು ದಾರಿಯಲ್ಲೇ ಬೇಕಾದಷ್ಟು ಕುಡಿದಾಯ್ತು.’