ಮುಂಗೈ ಮುರಿದ ವೀರ

ಸಾಬೂನು ಯಾರ ಮನೆಯ ಬಚ್ಚಲಲ್ಲಿ ಜಾರುವುದಿಲ್ಲ ಹೇಳಿ? ಆದರೆ ತಾರ್ನಾಕ ಬಡಾವಣೆಯ ಗುರುರಾಜರ ಮನೆಯಲ್ಲಿ ಅದು ಜಾರಿದ ಮುಹೂರ್ತವೇ ಸರಿ ಇರಲಿಲ್ಲ. ಮಧ್ಯಾಹ್ನ ಅವರ ದೊಡ್ಡ ಭಾಷಣ. ಬೆಳಿಗ್ಗೆ ಏಳಕ್ಕೆ ಸಾಬೂನಿನ ಮೇಲೆ ಕಾಲಿಟ್ಟು, ಎಡಗೈಯನ್ನು ಬಚ್ಚಲಕಟ್ಟೆಯ ಅಂಚಿಗೆ ಬಡಿದುಕೊಂಡು, "ಸತ್ತೆನೋ ರಾಯರ!" ಎಂದು ಒದರಿದರು.

ಗುರುರಾಜರು ಹಳೆಯ ಎಲುಬುಗಳ ಪಂಡಿತರು. ಮೂರು ಸಾವಿರ ವರ್ಷ ಹಿಂದಿನ ಗೋರಿಯೊಂದರಲ್ಲಿ ಸಿಕ್ಕ ಒಬ್ಬ ಮನುಷ್ಯನ ಮುಂಗೈ ಎಲುಬು ನಡುವೆ ಮುರಿದು ಕೂಡಿತ್ತು. ಅಷ್ಟಕ್ಕೇ ಅವನಿಗೆ 'ವೀರ' ಎಂದು ಹೆಸರಿಟ್ಟು, ಹನ್ನೊಂದು ವರ್ಷ ಅವನನ್ನೇ ತಲೆಯಲ್ಲಿ ಹೊತ್ತು ತಿರುಗಿದ್ದರು. ಇವತ್ತಿನ ಭಾಷಣ ಗೆದ್ದರೆ ಹೊಸ ಸಂಗ್ರಹಾಲಯದಲ್ಲಿ ವೀರನಿಗೆ ಗಾಜಿನ ಪೆಟ್ಟಿಗೆ, ಅದರ ಕೆಳಗೆ ಗುರುರಾಜರ ಹೆಸರು.

ಹೋದ ಭಾನುವಾರ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ, ನೀರಿನ ಟ್ಯಾಂಕಿನ ಮಾತು ನಿಲ್ಲಿಸಿ, ಇದರ ರಿಹರ್ಸಲ್ಲೂ ಆಗಿತ್ತು. ಹೆಂಡತಿ ಗೋದಾವರಿಬಾಯಿಯ ಲಟ್ಟಣಿಗೆಯನ್ನು ಎದುರುಮನೆಯ ಕಾಶಿನಾಥರ ಕೈಗೆ ಕೊಟ್ಟು, "ಹೊಡೀರಿ ನನಗ!" ಎಂದು ಮುಂಗೈ ಅಡ್ಡ ಹಿಡಿದಿದ್ದರು. "ಬಿದ್ದಾವಂದು ಮಣಿಕಟ್ಟು ಮುರೀತದ. ಮುಂಗೈ ನಡುವ ಮುರದದ ಅಂದ್ರ ಹೊಡತ ತಡದಾನ ಅಂತನ ಅರ್ಥ. ಎಲುಬು ಸುಳ್ಳು ಹೇಳಂಗಿಲ್ರಿ!"

ಮಾಡಿದ್ದುಣ್ಣೋ ಮಹಾರಾಯ! ಡಾಕ್ಟರ ಹತ್ತಿರ ಆಟೊದಲ್ಲಿ ಕರೆದೊಯ್ದವರು ಆ ಕಾಶಿನಾಥರೇ. ರಿಟೈರಾದ ಮನುಷ್ಯ, ಪರರ ಎಕ್ಸ್‌ರೇಯನ್ನೂ ಪೇಪರಿನಂತೆ ಓದುವವರು. ಬೆಳಕಿಗೆ ಹಿಡಿದು ನೋಡಿ, ಮುಂಗೈ ನಡುವಿನ ಬಿರುಕಿಗೆ ಬೆರಳಿಟ್ಟರು.

"ಗುರುರಾಜ್ರ, ಇದು ನಿಮ್ಮ ವೀರನ ಕೈ ಇದ್ದಂಗನ ಅದ ಅಲ್ರಿ?"

"ನಾ ಬಚ್ಚಲದಾಗ ಬಿದ್ದೀನ್ರಿ!"

"ಹಾಂ ಹಾಂ, ಬಿದ್ದೀರಿ," ಎಂದು ಕಾಶಿನಾಥರು ಅವರ ಬೆನ್ನು ಸವರಿದರು. "ನಾನೂ ನಮ್ಮ ಮನ್ಯಾಗ ಭಾಳ ಸಲ ಬಿದ್ದೀನಿ."

ಪ್ಲಾಸ್ಟರ್ ಒಣಗುವುದರೊಳಗೆ ಸುದ್ದಿ ನಾಲ್ಕೂ ಅಂತಸ್ತು ಹತ್ತಿ ಇಳಿದಿತ್ತು. ಮೇಲಿನ ಮನೆಯ ಸಾವಿತ್ರಿಬಾಯಿ ಸಾರಿನ ಡಬ್ಬಿ ಹಿಡಿದು ಬಂದು, "ಸಿಟ್ಟು ಎಲ್ಲಾರಿಗೂ ಬರ್ತದವಾ ಗೋದಾವರಿ. ಆದ್ರ ಎಲುಬು ಬಿಟ್ಟು ಹೊಡೀಬೇಕು," ಎಂದು ಬುದ್ಧಿ ಹೇಳಿ ಹೋದರು. ಇರುವೆಗೂ ದಾರಿ ಬಿಟ್ಟು ಕಸ ಗುಡಿಸುವ ಗೋದಾವರಿಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಗುರುರಾಜರಿಗೆ ಹನ್ನೊಂದು ವರ್ಷ ಕಾಪಾಡಿದ ವೀರ ಒಂದು ಕಡೆ, ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಹೆಂಡತಿ ಒಂದು ಕಡೆ.

ಮಧ್ಯಾಹ್ನ ತುಂಬಿದ ಸಭೆಯಲ್ಲಿ ಪ್ಲಾಸ್ಟರಿನ ಕೈ ಎತ್ತಿ ಹೇಳಿಯೇಬಿಟ್ಟರು. ಬಿದ್ದರೂ ಎಲುಬು ಇಲ್ಲೇ ಮುರಿಯಬಹುದು, ಅದಕ್ಕೆ ತಾನೇ ಸಾಕ್ಷಿ. ವೀರ ಯುದ್ಧಕ್ಕೆ ಹೋಗಿದ್ದನೋ ಹಳ್ಳದಲ್ಲಿ ಜಾರಿದ್ದನೋ ತನಗೆ ಗೊತ್ತಿಲ್ಲ, ಎಂದು.

ಸಭೆ ಮುಗಿದ ಮೇಲೆ ವಿಭಾಗದ ಮುಖ್ಯಸ್ಥ ವಾಸುದೇವರು, ಅವರೂ ಗುರುರಾಜರ ಹಾಗೆ ಬೀದರಿನ ಕಡೆಯವರು, ಹತ್ತಿರ ಬಂದರು. "ಗಾಜಿನ ಪೆಟ್ಟಿಗಿ ಹೋತ್ರಿ. ಆದ್ರ ಖರೆ ಹೇಳಿದ್ರಿ. ಸಂಗ್ರಹಾಲಯ ನೋಡ್ಕೊಳ್ಳಿಕ್ಕೆ ನಿಮ್ಮಂಥಾವರ ಬೇಕು."

ಗುರುರಾಜರಿಗೆ ಕೈನೋವೇ ಮರೆತುಹೋಯಿತು. ಮನೆಗೆ ಬಂದರೆ ಗೋದಾವರಿಬಾಯಿ ನಗುನಗುತ್ತ ಚಹಾ ತಂದರು.

"ಚಿಂತಿ ಬಿಡ್ರಿ. ನಿಮ್ಮ ವೀರನ್ನ ಉಳಿಸೀನಿ."

"ಅಂದ್ರ?"

"ನೀವು ಬಿದ್ದೀರಿ ಅಂದ್ರ ನಿಮ್ಮ ಶಾಸ್ತ್ರನ ಮುಳುಗ್ತದ ಅಂತ ಕಾಶಿನಾಥ್ರು ಹೇಳಿದ್ರು. ನನ್ನ ಮಾನದ್ದೇನು, ನಾಕು ದಿನ ನಕ್ಕು ಸುಮ್ಮನಾಗ್ತಾರ. ನಾನ ಲಟ್ಟಣಿಗಿಲೆ ಹೊಡದೀನಿ ಅಂತ ಎಲ್ಲಾರ ಮುಂದ ಒಪ್ಪಿಕೊಂಡೆ. ಈಗಷ್ಟ ವಾಸುದೇವ್ರಿಗೂ ಫೋನ್ ಮಾಡಿ ಹೇಳೀನಿ."

ಗುರುರಾಜರು ಚಹಾದ ಕಪ್ಪು ಕೆಳಗಿಟ್ಟರು. ಅಷ್ಟರಲ್ಲಿ ಫೋನ್ ಬಡಕೊಂಡಿತು. ವಾಸುದೇವರು.

"ನಿಮ್ಮ ಶಾಸ್ತ್ರ ಖರೇನ ಅದ ಬಿಡ್ರಿ, ನಿಮ್ಮ ಮನಿಯವರು ಎಲ್ಲಾ ಹೇಳಿದ್ರು. ವೀರಗ ಪೆಟ್ಟಿಗಿ ಕೊಡ್ತೀವಿ. ಆದ್ರ ನಿಮ್ಮ ಹೆಸರು ಹಾಕಂಗಿಲ್ಲ, ಸಂಗ್ರಹಾಲಯನೂ ನಿಮ್ಮ ಕೈಗೆ ಕೊಡಂಗಿಲ್ಲ. ಸ್ವಂತ ಎಲುಬಿನ ವಿಷಯದಾಗ ಸುಳ್ಳು ಹೇಳಾವ್ರು, ಮೂರು ಸಾವಿರ ವರ್ಷದ ಎಲುಬಿನ ವಿಷಯದಾಗ ಏನು ಖರೆ ಹೇಳೀರಿ?"

"ಏನಂದ್ರು?" ಗೋದಾವರಿಬಾಯಿ ಆಸೆಯಿಂದ ಕೇಳಿದರು.

ಗುರುರಾಜರು ಫೋನ್ ಕೆಳಗಿಟ್ಟು ಹೆಂಡತಿಯ ಮುಖ ನೋಡಿದರು.

"ವೀರ ಉಳಕೊಂಡನಂತ," ಎಂದರು.