ಯಾವ ಮಾತಿಗೆ ಕ್ಷಮೆ

ಕ್ಷಮೆ ಕೇಳುವುದಕ್ಕೆ ಫೋರ್ಮನ್ ತಯಾರಾಗಿಯೇ ಇದ್ದ. ಬೈದ ಮಾತು ಯಾವುದು ಎಂಬುದು ಮಾತ್ರ ನೆನಪಾಗುತ್ತಿರಲಿಲ್ಲ. ಆ ದಿನದ ಫಜೀತಿಯೆಲ್ಲ ಶುರುವಾದದ್ದು ಇಷ್ಟರಿಂದ.

ಬಸ್ ಡಿಪೋದಲ್ಲಿ ಅವನು ಹಗಲು ಫೋರ್ಮನ್, ಸಂಜೆ ಡಿಪೋದ ಫುಟ್‌ಬಾಲ್ ತಂಡಕ್ಕೆ ಕೋಚ್. ಎದುರಿಗೆ ಎಲ್ಲರೂ ‘ಫೋರ್ಮನ್ನರೇ’ ಅನ್ನುತ್ತಿದ್ದರು. ಬೆನ್ನ ಹಿಂದೆ ‘ಗುಡುಗು’. ಪಂದ್ಯದ ದಿನ ಗೋಲು ಕಂಬದ ಪಕ್ಕದಲ್ಲೇ ಇನ್ನೊಂದು ಕಂಬದಂತೆ ನಿಂತು ಅವನು ಬಾಯಿ ತೆರೆದರೆ ಆಚೆ ಬೀದಿಯಲ್ಲಿ ನಿಂತ ಬಸ್ಸಿನ ಗಾಜು ಅದುರುತ್ತಿತ್ತು. “ಎಡಕ್ಕೆ ಸಾಯೋ ಕತ್ತೆ”, “ಮುಂದೆ ಬಾರೋ ಕೋಣ”, “ಬಗ್ಗೋ ಸೋಂಬೇರಿ”. ಇದರಲ್ಲಿ ಮುಕ್ಕಾಲು ಪಾಲು ಗೋಲ್‌ಕೀಪರನಿಗೆ. ಗೋಲ್‌ಕೀಪರ್ ಬೇರೆ ಯಾರೂ ಅಲ್ಲ, ಅವನ ಬಾಮೈದ. ಅದೇ ಡಿಪೋದಲ್ಲಿ ಬಸ್ಸಿನ ಸೀಟು ಹೊಲಿಯುವವನು. ತಾಯಿ ಹೋದ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕನೇ.

ಹೋದ ಸೀಸನ್ನಿನ ಕೊನೆಯ ಪಂದ್ಯದಲ್ಲಿ ಈ ಬೈಗುಳ ಕೇಳಲಾರದೆ ರೆಫರಿ ಫೋರ್ಮನ್ನನನ್ನು ಮೈದಾನದ ಗೇಟಿನಾಚೆ ಕಳಿಸಿದ. ಅವನು ಆಚೆ ಹೋದದ್ದೇ ತಡ, ಗೋಲಿನ ಮೇಲೆ ಗೋಲು ಬಿದ್ದವು. ಪಂದ್ಯ ಮುಗಿದ ಮೇಲೆ ಒಳಗೆ ಬಂದವನು ಬಾಮೈದನ ಮುಖಕ್ಕೆ ಮುಖ ಕೊಟ್ಟು ಏನೋ ಅಂದ. ಬಾಮೈದ ಎರಡೂ ಗ್ಲವ್ಸ್ ಕಳಚಿ ಬೆಂಚಿನ ಮೇಲಿಟ್ಟು ಹೊರಟುಹೋದ. ಆಮೇಲೆ ತಂಡಕ್ಕೂ ಬರಲಿಲ್ಲ, ಅಕ್ಕನ ಮನೆಯ ಊಟಕ್ಕೂ ಬರಲಿಲ್ಲ. ಊಟದ ಮೇಜಿನ ಹತ್ತಿರ ಅವನು ಕೂರುತ್ತಿದ್ದ ಕುರ್ಚಿಯ ಮೇಲೆ ಮೊದಲು ಒಂದು ಟವೆಲ್ಲು ಬಂತು, ಆಮೇಲೆ ಇಸ್ತ್ರಿಗೆ ಇಟ್ಟ ಬಟ್ಟೆ. ಖಾಲಿಯಾದ ಜಾಗವನ್ನು ಮನೆ ಹೆಚ್ಚು ದಿನ ಖಾಲಿ ಬಿಡುವುದಿಲ್ಲ.

ಹೊಸ ಸೀಸನ್ ಶುರುವಾಗುವ ಹೊತ್ತಿಗೆ ಮ್ಯಾನೇಜರ್ ಫೋರ್ಮನ್ನನನ್ನು ಕೋಚ್‌ಗಳ ತರಬೇತಿಗೆ ಅಟ್ಟಿದರು. ಅಲ್ಲಿ ಒಬ್ಬ ಮೇಡಂ, ಕೋಚ್ ಅಂದರೆ ಚಾಟಿ ಹಿಡಿದವನಲ್ಲ, ದೀಪ ಹಿಡಿದವನು, ಮಾರ್ಗದರ್ಶಿ ನಾಯಕ ಎಂದು ಪಾಠ ಮಾಡಿದರು. ಹೇಳಬೇಡಿ, ಕೇಳಿ. ಕೂಗಬೇಡಿ, ನಂಬಿ. ಎದುರಿನವರು ಮಾತಾಡುವಾಗ ಅಡ್ಡಬಾಯಿ ಹಾಕಬೇಡಿ. “ಬೈದವನು ಮರೀತಾನೆ, ಬೈಸಿಕೊಂಡವನು ಮರೆಯಲ್ಲ. ಯಾರನ್ನಾದ್ರೂ ನೋಯಿಸಿದ್ರೆ ಯಾವ ಮಾತಿಗೆ ಅಂತ ಹೇಳಿ ಕ್ಷಮೆ ಕೇಳಿ. ‘ಏನಾದ್ರೂ ತಪ್ಪಾಗಿದ್ರೆ’ ಅನ್ನೋದು ಕ್ಷಮೆ ಅಲ್ಲ, ಜಾರಿಕೊಳ್ಳೋದು.” ಹಿಂದಿನ ಬೆಂಚಿನಲ್ಲಿ ಕೂತಿದ್ದ ಫೋರ್ಮನ್ನನ ಎದೆಗೆ ಅದು ನಾಟಿತು.

ಇವತ್ತು ಸಂಜೆ ಅಂಚೆ ಕಚೇರಿ ತಂಡದ ಮೇಲೆ ಮೊದಲ ಪಂದ್ಯ. ಅಷ್ಟರೊಳಗೆ ಬಾಮೈದನನ್ನು ಕರೆತರಬೇಕು, ಪಂದ್ಯಕ್ಕೂ ಊಟಕ್ಕೂ. ಬೆಳಗ್ಗೆ ಚಹಾ ಕುಡಿಯುತ್ತ ಹೆಂಡತಿಯನ್ನು ಕೇಳಿದ.

“ಲೇ, ಆ ದಿನ ನಿನ್ನ ತಮ್ಮನಿಗೆ ನಾನು ಏನಂದೆ?”

“ಅವನಿಗೆ ಏನಂದ್ರೋ, ಅವನು ಬಾಯಿ ಬಿಡಲ್ಲ.” ಅವಳು ಒಲೆ ಆರಿಸಿ ಎದುರಿಗೆ ಬಂದು ಕೂತಳು. “ನನಗೆ ಅಂದಿದ್ದು ಹೇಳ್ಲಾ?”

ಅಡ್ಡಬಾಯಿ ಹಾಕುವಂತಿರಲಿಲ್ಲ. ಮದುವೆಯಾದ ವಾರದಿಂದ ಶುರುವಾಯಿತು. ಅವಳ ಚಿಕ್ಕಪ್ಪನ ಮೀಸೆಗೆ ಅಂದದ್ದು, ಅವಳು ಹೊಲಿದ ಪರದೆಗೆ ಅಂದದ್ದು, ಜ್ವರದಲ್ಲಿ ಮಲಗಿದ್ದಾಗ “ಕಾಫಿ ಯಾರು ಮಾಡ್ತಾರೆ” ಅಂದದ್ದು. ಒಂದೊಂದನ್ನೂ ತೊಳೆದು ಒರೆಸಿ ಇಟ್ಟುಕೊಂಡ ಪಾತ್ರೆಯಂತೆ ಎತ್ತಿ ತೋರಿಸಿದಳು. ಒಂದೊಂದಕ್ಕೂ ಅವನು ಹೆಸರು ಹಿಡಿದು ಕ್ಷಮೆ ಕೇಳಿದ. ಚಹಾ ತಣ್ಣಗಾಗಿ ಕೆನೆ ಕಟ್ಟಿತು. ಕೊನೆಗೆ ಅವಳು ಮೂಗೊರೆಸಿಕೊಂಡು, “ಇವನ್ನೆಲ್ಲ ಮರೆತಿದ್ದೆ. ಸುಮ್ನೆ ನೆನಪು ಮಾಡಿದ್ರಿ,” ಅಂದಳು.

ಕಿಟಕಿಯಾಚೆ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಗಿಡಕ್ಕೆ ನೀರು ಹಾಕುವುದನ್ನೂ ಮರೆತು ಕಿವಿಗೊಟ್ಟು ನಿಂತಿದ್ದರು. ಫೋರ್ಮನ್ನನನ್ನು ಅವರು ಗೇಟು ದಾಟುವುದಕ್ಕೆ ಬಿಡಲಿಲ್ಲ.

“ಕ್ಷಮೆ ಕೇಳ್ತಿದೀರಂತೆ. ಒಳ್ಳೇದಾಯ್ತು. ನಮ್ಮ ನಾಯಿಗೂ ಒಂದು ಬಾಕಿ ಇದೆ.”

“ನಾಯಿಗೆ ನಾನು ಏನಂದೆ ಸಾರ್?”

“‘ಇದೂ ಒಂದು ನಾಯೀನಾ’ ಅಂದ್ರಿ. ಅವತ್ತಿಂದ ಅದು ಬೊಗಳೋದೇ ಕಮ್ಮಿ ಮಾಡಿದೆ.”

ಫೋರ್ಮನ್ ಮಂಡಿಯೂರಿ ನಾಯಿಯ ಮುಂದೆ ಕೂತು ಆ ಮಾತು ವಾಪಸ್ ತೆಗೆದುಕೊಂಡ. ನಾಯಿ ಆಕಳಿಸಿ ಬೇರೆ ಕಡೆ ತಿರುಗಿ ಮಲಗಿತು.

“ಅದಕ್ಕೆ ಸ್ವಲ್ಪ ಟೈಮ್ ಬೇಕು,” ಅಂದರು ಹೆಡ್‌ಮಾಸ್ತರರು.

ಸೀಸನ್ ಬಂತೆಂದರೆ ಡಿಪೋದಲ್ಲಿ ಬ್ರೇಕು ಕ್ಲಚ್ಚಿನ ಮಾತು ನಿಂತು ಫುಟ್‌ಬಾಲ್ ಮಾತು ಏಳುತ್ತಿತ್ತು. ಬಸ್ಸಿನಡಿ ಮಲಗಿದವನು ಬಸ್ಸಿನ ಮೇಲೆ ಹತ್ತಿದವನಿಗೆ ಕಾರ್ನರ್ ಕಿಕ್ ಹೇಗೆ ಹೊಡೆಯಬೇಕೆಂದು ಸ್ಪ್ಯಾನರ್ ಆಡಿಸುತ್ತ ಹೇಳಿಕೊಡುತ್ತಿದ್ದ. ಫೋರ್ಮನ್ ನೇರ ತಂಡದ ಕ್ಯಾಪ್ಟನ್ ಹತ್ತಿರ ಹೋದ. ಕ್ಯಾಪ್ಟನ್ ಕೆಲಸದಲ್ಲಿ ಕಂಡಕ್ಟರು.

“ಆ ದಿನ ನೀನು ಪಕ್ಕದಲ್ಲೇ ಇದ್ದೆ. ನಮ್ಮ ಹುಡುಗನಿಗೆ ನಾನು ಏನಂದೆ, ನೆನಪಿದೆಯಾ?”

“ಅದಕ್ಕೆ ಮುಂಚೆ ನನ್ನ ಕಾಲಿಗೆ ಬಾಳೆದಿಂಡು ಅಂದಿದ್ರಿ ಸಾರ್. ಆಮೇಲೆ ನನ್ನ ಕಿವಿಗೆ ಏನೂ ಬೀಳಲಿಲ್ಲ. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಕಾಲೇ ನೋಡ್ಕೊಂಡಿದ್ದೆ.”

“ಬಾಳೆದಿಂಡು ಅಂದಿದ್ದು ತಪ್ಪಾಯ್ತಪ್ಪ.”

ಹತ್ತಿರದಲ್ಲಿ ಟೈರು ಉರುಳಿಸುತ್ತಿದ್ದವನು ಟೈರನ್ನು ಅಲ್ಲೇ ಬಿಟ್ಟು ಬಂದ. “ಸಾರ್, ನನ್ನ ಎಡಗಾಲಿನ ಕಿಕ್ಕಿಗೆ ಒಂದು ಮಾತು ಅಂದಿದ್ರಿ.” ಅವನ ಹಿಂದೆ ಬ್ಯಾಟರಿಯವನು, ಅವನ ಹಿಂದೆ ಬಣ್ಣ ಹೊಡೆಯುವವನು. ನೋಡನೋಡುತ್ತ ಸಾಲು ಗೇಟಿನವರೆಗೂ ಬೆಳೆಯಿತು. ಅಭ್ಯಾಸಬಲದಿಂದ ಕ್ಯಾಪ್ಟನ್ ಬಾಗಿಲಲ್ಲಿ ನಿಂತು, “ಒಬ್ಬೊಬ್ರೇ ಬನ್ನಿ, ನೂಕಬೇಡಿ, ಆಯ್ತು ಅಂದೋರು ಮುಂದೆ ಹೋಗಿ ಮುಂದೆ” ಎಂದು ಸಾಗಹಾಕತೊಡಗಿದ. ಯಾರ ಬಾಯಲ್ಲೂ ಬಾಮೈದನ ಮಾತು ಸಿಗಲಿಲ್ಲ. ಎಲ್ಲರ ಕಿಸೆಯಲ್ಲೂ ತಮ್ಮ ತಮ್ಮದೇ ಇತ್ತು. ಒಬ್ಬನಂತೂ ಹಿಂದಿನ ಫೋರ್ಮನ್ ಅಂದ ಮಾತಿಗೆ ಕ್ಷಮೆ ಬೇಕೆಂದು ಹಟ ಹಿಡಿದ.

“ಅದು ನಾನಲ್ಲವಲ್ಲೋ ಮಾರಾಯ.”

“ಅವರು ತೀರ್ಕೊಂಡ್ರು ಸಾರ್. ಇನ್ನು ಯಾರನ್ನ ಕೇಳ್ಲಿ?”

ಫೋರ್ಮನ್ ಅವರ ಪರವಾಗಿಯೂ ಕೈ ಮುಗಿದ. ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ಮ್ಯಾನೇಜರ್, ತರಬೇತಿಗೆ ಕಳಿಸಿದ್ದು ಸಾರ್ಥಕವಾಯಿತೆಂದು ತಲೆದೂಗಿದರು.

ಮಧ್ಯಾಹ್ನ ಬಾಯಿ ಒಣಗಿಸಿಕೊಂಡು ಫೋರ್ಮನ್ ಸೀಟಿನ ಶೆಡ್ಡಿಗೆ ಹೋದ. ಬಾಮೈದ ರೆಕ್ಸಿನ್ನಿಗೆ ಮೂಗು ತಾಗುವಷ್ಟು ಬಗ್ಗಿ ಹೊಲಿಯುತ್ತಿದ್ದ. ತಲೆಯೆತ್ತಿ ಬಾಗಿಲ ಕಡೆ ನೋಡಿದ. ಫೋರ್ಮನ್ ಕೈ ಬೀಸಿದ. ಬಾಮೈದ ಕಂಡೂ ಕಾಣದವನಂತೆ ಮತ್ತೆ ಹೊಲಿಗೆಗೆ ಬಗ್ಗಿದ. ಇಷ್ಟು ಸಿಟ್ಟೇ ಎಂದುಕೊಂಡು ಫೋರ್ಮನ್ ಕೆಮ್ಮಿದ.

“ಯಾರು? ಓ, ಭಾವ. ಬನ್ನಿ.”

“ನೋಡೋ, ನಾನು ಆ ದಿನ ಅಂದದ್ದಕ್ಕೆ ಕ್ಷಮೆ ಕೇಳೋಕೆ ಬಂದೆ. ಕತ್ತೆ ಅಂದ್ನಾ?”

“ಅದು ದಿನಾ ಅಂತಿದ್ರಿ.”

“ಕೋಣ?”

“ಅದು ಪ್ರೀತಿ ಬಂದಾಗ.”

“ಮತ್ತೆ? ದಂಡಪಿಂಡ? ಅನ್ನಕ್ಕೆ ದಂಡ? ಏನು ಹೇಳೋ, ನೀನೇ ಹೇಳು, ಆ ಮಾತು ಹಿಡಿದೇ ಕೇಳ್ತೀನಿ.”

ಬಾಮೈದ ಸೂಜಿಯನ್ನು ಸೀಟಿಗೆ ಚುಚ್ಚಿಟ್ಟು ತಲೆಯೆತ್ತಿದ. ಹೇಳುತ್ತಾನೆ ಅನ್ನಿಸಿತು. “ಬಿಡಿ ಭಾವ,” ಅಂದ. “ಅಕ್ಕ ಹೇಗಿದಾಳೆ?”

“ನಿನ್ನ ದಾರಿ ನೋಡ್ತಿದಾಳೆ. ಸಂಜೆ ಆಡು, ರಾತ್ರಿ ಊಟಕ್ಕೆ ಬಾ. ಇನ್ಮೇಲೆ ಪಂದ್ಯದಲ್ಲಿ ನಾನು ತುಟಿಪಿಟಕ್ಕನ್ನಲ್ಲ. ನಿನ್ನಕ್ಕನ ಮೇಲಾಣೆ.”

ಬಾಮೈದನ ಮುಖ ಬಾಡಿತು. “ಆಣೆ ಯಾಕೆ ಭಾವ, ಅಷ್ಟೆಲ್ಲ ಬೇಡ. ಮುಂಚೆ ಹೇಗಿದ್ರೋ ಹಾಗೇ ಇರಿ. ಸ್ವಲ್ಪ ಬೈತಾನೇ ಇರಿ.”

ಎಂಥ ದೊಡ್ಡ ಮನಸ್ಸು ಎಂದು ಫೋರ್ಮನ್ನನ ಕಣ್ಣು ತುಂಬಿತು. “ಇಲ್ಲ ಕಣೋ. ಆಣೆ ಅಂದ್ರೆ ಆಣೆ.”

ಅಕ್ಕನ ಮುಖ ನೋಡಿ ಬಾಮೈದ ಒಪ್ಪಿಕೊಂಡಿರಬೇಕು. ಸಂಜೆ ಅವನು ಗ್ಲವ್ಸ್ ಹಾಕಿಕೊಂಡು ಬಂದಾಗ ಡಿಪೋದವರು ಚಪ್ಪಾಳೆ ತಟ್ಟಿದರು. ಗ್ಯಾಲರಿಯಲ್ಲಿ ಅಕ್ಕನೂ ಬಂದು ಕೂತಿದ್ದಳು. ಫೋರ್ಮನ್ ಈ ಸಲ ಗೋಲು ಕಂಬದ ಹತ್ತಿರ ಸುಳಿಯಲಿಲ್ಲ. ಬೆಂಚಿನ ಮೇಲೆ, ಗಂಡಿನ ಮನೆಯವರ ಮುಂದೆ ಕೂತ ಹೆಣ್ಣಿನಂತೆ ತಲೆ ತಗ್ಗಿಸಿ ಕೂತ.

ಅಂಚೆಯವರ ಚೆಂಡು ಎಡಗಡೆಯಿಂದ ಬಂತು. ಬಾಮೈದ ಕುತ್ತಿಗೆ ಓರೆ ಮಾಡಿ, ಬಾಗಿಲು ಬಡಿದದ್ದು ತಮ್ಮ ಮನೆಯದೋ ಪಕ್ಕದ ಮನೆಯದೋ ಎಂದು ಆಲಿಸುವವನಂತೆ ನಿಂತ. ಚೆಂಡು ಅವನ ಎಡಗಿವಿಯ ಪಕ್ಕ ಒಳಗೆ ಹೋಯಿತು. ಫೋರ್ಮನ್ನನ ಗಂಟಲವರೆಗೆ ಕತ್ತೆ ಬಂದಿತ್ತು, ನುಂಗಿಕೊಂಡ. ಎರಡನೆಯ ಗೋಲಿಗೆ ಕೋಣವನ್ನು ನುಂಗಿದ. ಮೂರನೆಯದಕ್ಕೆ ಕರ್ಚೀಫು ಬಾಯಿಗೆ ತುರುಕಿಕೊಂಡ. ಆಮೇಲೆ ಅದನ್ನು ತೆಗೆದು, ತರಬೇತಿಯಲ್ಲಿ ಕಲಿತಂತೆ ಚಪ್ಪಾಳೆ ತಟ್ಟಿ, “ಪರವಾಗಿಲ್ಲ” ಅಂದ. ಅದರ ದನಿ ನಾಲ್ಕು ಮಾರು ದೂರವೂ ಹೋಗಲಿಲ್ಲ.

ಹಾಫ್‌ಟೈಮ್ ಕಳೆದ ಮೇಲೆ ಬಾಮೈದನೇ ಗೋಲಿನಿಂದ ಕೂಗಿದ. “ಭಾವ, ಏನಾದ್ರೂ ಹೇಳಿ.”

ಹೇಳಬೇಡಿ, ಕೇಳಿ. ಫೋರ್ಮನ್ ಎದ್ದು ನಿಂತ. “ನಿನಗೇನನ್ನಿಸುತ್ತಪ್ಪ?”

“ನನಗೆ ಏನೂ ಅನ್ನಿಸ್ತಿಲ್ಲ. ಎಡಕ್ಕೋ ಬಲಕ್ಕೋ ಹೇಳಿ ಸಾಕು.”

“ನಿನ್ನ ಮೇಲೆ ನನಗೆ ನಂಬಿಕೆ ಇದೆ.”

ಆ ನಂಬಿಕೆಯ ಮಧ್ಯದಿಂದಲೇ ಇನ್ನೊಂದು ಗೋಲು ಹೋಯಿತು. ಕೊನೆಯ ಸೀಟಿಯ ಹೊತ್ತಿಗೆ ಅಂಚೆಯವರಿಗೇ ನಾಚಿಕೆಯಾಗಿ ಅವರು ಚೆಂಡನ್ನು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದರು.

ಮ್ಯಾನೇಜರ್ ಬೆಂಚಿನ ಹತ್ತಿರ ಬಂದರು. ಫೋರ್ಮನ್ ತಲೆ ತಗ್ಗಿಸಿದ. ಅವರು ಅವನ ಬೆನ್ನು ತಟ್ಟಿದರು.

“ಏನ್ ಬದಲಾವಣೆ ರೀ. ಇಷ್ಟು ಗೋಲು ಬಿದ್ರೂ ಒಂದು ಕೆಟ್ಟ ಮಾತು ಆಡ್ಲಿಲ್ಲ. ನಿಮ್ಮಂಥೋರು ಬರೀ ಆಟ ಆಡಿಸ್ತಾ ಕೂರಬಾರದು. ನಾಳೆಯಿಂದ ಎಲ್ಲ ಡಿಪೋಗಳ ಕೋಚ್‌ಗಳಿಗೂ ನೀವೇ ಈ ಪಾಠ ಹೇಳಿ. ಇಲ್ಲಿ ತಂಡಾನ ಸ್ಟೋರ್‌ಕೀಪರ್ ನೋಡ್ಕೋತಾನೆ.”

“ಸಾರ್, ತಂಡ ನನ್ನದು.”

“ನೋಡಿ, ಮಾರ್ಗದರ್ಶಿ ಆದೋನು ಹಿಂಗೆ ನನ್ನದು ಅನ್ನಬಾರದು,” ಅಂದು ಅವರು ನಗುತ್ತ ಹೋದರು.

ಮೈದಾನ ಖಾಲಿಯಾಯಿತು. ಬಾಮೈದ ಗೋಲು ಕಂಬಕ್ಕೆ ಒರಗಿ ಕೂತಿದ್ದ. ಗ್ಯಾಲರಿಯಿಂದ ಅಕ್ಕ ಇಳಿದು ಬಂದು ಅವನ ಪಕ್ಕ ನಿಂತಳು. ಫೋರ್ಮನ್ ಹತ್ತಿರ ಹೋಗಿ, “ಪರವಾಗಿಲ್ಲ ಬಿಡೋ” ಅಂದ. ಈ ಸಲ ಪಾಠಕ್ಕಾಗಿ ಅಂದದ್ದಲ್ಲ.

“ಭಾವ, ನನಗೆ ದೂರದ್ದು ಕಾಣಲ್ಲ,” ಅಂದ ಬಾಮೈದ.

“ಅಂದ್ರೆ?”

“ಅಂದ್ರೆ ಕಾಣಲ್ಲ. ಹೊಲಿಗೆ ಕಾಣುತ್ತೆ. ನಿಮ್ಮ ಮುಖ ಈಗ ಕಾಣ್ತಿದೆ. ಚೆಂಡು ಕೈಗೆ ಸಿಗೋವಷ್ಟು ಹತ್ತಿರ ಬಂದ್ರೆ ಕಾಣುತ್ತೆ, ಹಿಡೀತೀನಿ. ಅದು ಯಾವ ಕಡೆಯಿಂದ ಬರ್ತಿದೆ ಅಂತ ನಿಮ್ಮ ಬೈಗುಳದಿಂದ್ಲೇ ಗೊತ್ತಾಗ್ತಿತ್ತು. ಎಡಕ್ಕೆ ಸಾಯೋ ಅಂದ್ರೆ ಎಡಕ್ಕೆ ಬೀಳ್ತಿದ್ದೆ. ಇಷ್ಟು ವರ್ಷ ಆಡಿದ್ದು ಹಾಗೇನೇ.”

“ಕನ್ನಡಕ ಹಾಕೋದಲ್ವೇನೋ?”

“ಕನ್ನಡಕದವನನ್ನ ಗೋಲಿಗೆ ನಿಲ್ಲಿಸ್ತಿದ್ರಾ?”

ಫೋರ್ಮನ್ ಸುಳ್ಳು ಹೇಳಲಿಲ್ಲ. “ಇಲ್ಲ,” ಅಂದ.

“ಕತ್ತೆ ಅಂದ್ರಿ, ಕೋಣ ಅಂದ್ರಿ. ನಾನು ಅದ್ಯಾವುದೂ ಅಲ್ಲ, ನಕ್ಕುಬಿಡ್ತಿದ್ದೆ. ಆ ದಿನ ಎಲ್ಲರ ಮುಂದೆ ‘ನಿನಗೆ ಕಣ್ಣು ಕಾಣಲ್ವೇನೋ’ ಅಂದ್ರಿ. ನಿಮಗೆ ಗೊತ್ತಾಗಿಹೋಯ್ತು, ಗೊತ್ತಿದ್ದೂ ಹಂಗಿಸಿದ್ರಿ ಅಂದ್ಕೊಂಡೆ.”

“ಗೊತ್ತಿರಲಿಲ್ಲ ಕಣೋ.”

“ಅದು ಇವತ್ತು ನೀವು ಬಾಯಿ ಮುಚ್ಕೊಂಡು ಕೂತಾಗ ತಿಳೀತು.”

ಬೆಳಗ್ಗಿನಿಂದ ಹುಡುಕಿದ ಮಾತು ಕೊನೆಗೂ ಸಿಕ್ಕಿತ್ತು. ಊರೆಲ್ಲರ ಹತ್ತಿರ, ನಾಯಿಯ ಹತ್ತಿರವೂ ಸರಾಗವಾಗಿ ಬಂದ ಕ್ಷಮೆ ಈಗ ನಾಲಿಗೆಗೆ ಭಾರವಾಯಿತು. “ಕಣ್ಣು ಕಾಣಲ್ವೇನೋ ಅಂದದ್ದು ನನ್ನ ತಪ್ಪು,” ಅಂದ. ಬಾಮೈದ ತಲೆಯಾಡಿಸಿ, ಗ್ಲವ್ಸ್ ಕಳಚಿದ. ಇನ್ನು ಅವನ್ನು ಹಾಕಿಕೊಳ್ಳುವಂತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೆಂಡತಿ ತಮ್ಮನ ಕೈ ಹಿಡಿದು ಎಬ್ಬಿಸಿದಳು. ಅವನ ಅಂಗಿಯ ಮಣ್ಣು ಕೊಡವಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

“ಇಷ್ಟು ವರ್ಷ ಇವನ ಪಕ್ಕದಲ್ಲೇ ನಿಂತಿದ್ರಿ. ಒಂದೇ ಮೇಜಲ್ಲಿ ಉಂಡ್ರಿ. ನಿಮಗೆ ಕಣ್ಣು ಕಾಣಲ್ವಾ?”

ತಮ್ಮನ ತೋಳು ಹಿಡಿದು ಅವಳು ಮುಂದೆ ನಡೆದಳು. ಫೋರ್ಮನ್ ಚೆಂಡಿನ ಚೀಲ ಹೆಗಲಿಗೇರಿಸಿ ಹಿಂದೆ ಹೊರಟ. ಪಂದ್ಯದುದ್ದಕ್ಕೂ ಬೈಗುಳ ನುಂಗಿಕೊಂಡು, ಬಾಯಿಗೆ ಬಟ್ಟೆ ತುರುಕಿಕೊಂಡು ಸುಮ್ಮನಿದ್ದವನು ಆ ದಾರಿಯುದ್ದಕ್ಕೂ ಯಾವ ಕಷ್ಟವೂ ಇಲ್ಲದೆ ಸುಮ್ಮನಿದ್ದ.